ಕಂಪ್ಯೂಟರ್ ಆನ್ ಆದರೆ ಮೆಸೇಜ್ ಬಂದ್: ಹಾಲಿನ ಸೊಸೈಟಿಯ ಒಂದು ಪೈ ಬೋರ್ಡ್ ಪ್ರಕರಣ

ಬಯಲುಸೀಮೆಯ ಒಂದು ಹಾಲಿನ ಸೊಸೈಟಿ. ಸುತ್ತಲಿನ ನಾಲ್ಕಾರು ಊರಿನ ಹಾಲು ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಅಲ್ಲಿಗೆ ಬರುತ್ತದೆ. ಅದನ್ನು ಬಲ್ಕ್ ಕೂಲರ್‌ಗೆ ಸುರಿದು 4 ಡಿಗ್ರಿ ಆಸುಪಾಸಿಗೆ ತಣಿಸಿ ಇಡುತ್ತಾರೆ. ಆಮೇಲೆ ಟ್ಯಾಂಕರ್ ಬಂದು ತುಂಬಿಸಿಕೊಂಡು ಹೋಗುತ್ತದೆ. ಕರೆಂಟ್ ಹೋದರೆ ಜನರೇಟರ್ ಇದೆ. ಆದರೆ ಅದನ್ನು ಯಾರಾದರೂ ಹೋಗಿ ಸ್ಟಾರ್ಟ್ ಮಾಡಬೇಕು. ರಾತ್ರಿ ಸೊಸೈಟಿಯಲ್ಲಿ ಯಾರೂ ಇರುವುದಿಲ್ಲ. ಒಮ್ಮೆ ಹಾಗೇ ಆಗಿ, ಬೆಳಿಗ್ಗೆ ಟ್ಯಾಂಕರ್‌ನವರು ಹಾಲು ಒಯ್ಯಲು ಒಪ್ಪಲಿಲ್ಲ. ಅಲ್ಲಿಂದ ಶುರುವಾಯಿತು ಈ ಕೆಲಸ.

ಊರು, ಜನ ಯಾರೆಂದು ತಿಳಿಯದ ಹಾಗೆ ಹೆಸರುಗಳನ್ನು ಬಿಟ್ಟಿದ್ದೇನೆ. ಒಬ್ಬರು ಸೊಸೈಟಿಯ ಸೆಕ್ರೆಟರಿ. ಇನ್ನೊಬ್ಬ ಅದೇ ಊರಿನ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಹುಡುಗ, ಸೆಕ್ರೆಟರಿಯನ್ನು ಅಣ್ಣಾ ಎಂದೇ ಕರೆಯುವವನು. ಬೋರ್ಡ್ ಜೋಡಿಸಿದ್ದೆಲ್ಲ ಅವನೇ. ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ನನಗೆ ಫೋನ್ ಬಂತು.

ಬೇಕಾಗಿದ್ದು ಇಷ್ಟು. ಟ್ಯಾಂಕಿನ ಉಷ್ಣತೆ ಆಗಾಗ ದಾಖಲಾಗಬೇಕು. ಕಂಪ್ರೆಸರ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಮೀಟರ್‌ನಿಂದ ಓದಬೇಕು. ಉಷ್ಣತೆ ಏರಿದರೆ ಸೆಕ್ರೆಟರಿಯ ಮೊಬೈಲ್‌ಗೆ ಟೆಲಿಗ್ರಾಂ ಮೆಸೇಜ್ ಹೋಗಬೇಕು. ಜೊತೆಗೆ ಸೊಸೈಟಿಯಲ್ಲಿ ಹಾಲಿನ ಲೆಕ್ಕ ಬರೆಯುವ ಕಂಪ್ಯೂಟರ್‌ನಲ್ಲೂ ದಿನದ ಪಟ್ಟಿ ಕಾಣಬೇಕು. ದುಡ್ಡು ಜಾಸ್ತಿ ಇರಲಿಲ್ಲ. ಹುಡುಗನ ಹತ್ತಿರ ಒಂದು ಹಳೆಯ ರಾಸ್ಪ್‌ಬೆರಿ ಪೈ 3 ಬಿ ಪ್ಲಸ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇತ್ತು, 2018ರಲ್ಲಿ ಬಂದ ಮಾದರಿ. ಇಂಥ ಕೆಲಸಕ್ಕೆ ಅದು ಧಾರಾಳವಾಗಿ ಸಾಕು.

ಬೋರ್ಡಿನ 40 ಪಿನ್‌ಗಳಲ್ಲಿ ಅವನು ಹಂಚಿಕೊಂಡಿದ್ದು ಹೀಗೆ. ಉಷ್ಣತೆಗೆ ಡಿಎಸ್18ಬಿ20 ಸೆನ್ಸರ್, ಒನ್‌ವೈರ್ ಎಂಬ ಒಂಟಿ ತಂತಿಯ ಸಂಪರ್ಕದ ಮೂಲಕ ಜಿಪಿಐಒ 4 ಎಂಬ ಪಿನ್‌ಗೆ. ಗಡಿಯಾರಕ್ಕೆ ಡಿಎಸ್3231 ಮಾಡ್ಯೂಲ್, ಐ2ಸಿ ಎಂಬ ಎರಡು ತಂತಿಯ ಸಂಪರ್ಕದ ಮೂಲಕ 3 ಮತ್ತು 5ನೇ ಪಿನ್‌ಗೆ. ಎನರ್ಜಿ ಮೀಟರ್‌ಗೆ ಆರ್‌ಎಸ್485 (ಉದ್ದ ತಂತಿಯಲ್ಲಿ ಡೇಟಾ ಕಳಿಸುವ ಪದ್ಧತಿ) ಮಾಡ್ಯೂಲ್, ಸೀರಿಯಲ್ ಮೂಲಕ 8 ಮತ್ತು 10ನೇ ಪಿನ್‌ಗೆ. ಲ್ಯಾನ್ ಕೇಬಲ್ ನೇರವಾಗಿ ಲೆಕ್ಕದ ಕಂಪ್ಯೂಟರ್‌ಗೆ, ನಡುವೆ ಸ್ವಿಚ್ ಇಲ್ಲ. ವೈಫೈ 4ಜಿ ರೂಟರ್‌ಗೆ. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಪೈ ಪಿನ್‌ಗಳು 3.3 ವೋಲ್ಟ್‌ನವು, 5 ವೋಲ್ಟ್ ತಡೆಯುವುದಿಲ್ಲ ಎನ್ನುವುದು ಹುಡುಗನಿಗೆ ಗೊತ್ತಿತ್ತು. ಹಾಗಾಗಿ ಆರ್‌ಎಸ್485ಕ್ಕೂ 3.3 ವೋಲ್ಟ್‌ನ ಚಿಪ್ಪನ್ನೇ ತಂದಿದ್ದ. ಎಷ್ಟೋ ಜನ ಬೋರ್ಡ್ ಸುಟ್ಟುಕೊಳ್ಳುವುದೇ ಅಲ್ಲಿ.

ಹಳೆಯ ವಿಡಿಯೊ, ಹೊಸ ಓಎಸ್

ಮೊದಲ ತೊಡಕು ತೀರಾ ಸಣ್ಣದು, ಆದರೆ ಮುಂದಿನ ಗೊಂದಲಕ್ಕೆಲ್ಲ ಅದೇ ಅಡಿಪಾಯ. ಹುಡುಗ ಹಾಕಿದ್ದು ಬುಕ್‌ವರ್ಮ್ ಆವೃತ್ತಿಯ ರಾಸ್ಪ್‌ಬೆರಿ ಪೈ ಓಎಸ್. 2023ರ ಅಕ್ಟೋಬರ್‌ನಲ್ಲಿ ಬಂದಿದ್ದು ಅದು. ನೋಡಿಕೊಂಡು ಮಾಡಿದ್ದು ಅದಕ್ಕಿಂತ ಹಳೆಯ ವಿಡಿಯೊಗಳನ್ನು. ನಡುವೆ ಎರಡು ದೊಡ್ಡ ಬದಲಾವಣೆ ಆಗಿವೆ. ಹಾರ್ಡ್‌ವೇರ್ ಸೆಟ್ಟಿಂಗ್ ಬರೆಯುವ ಕಾನ್ಫಿಗ್ ಫೈಲ್ ಮೊದಲು ಬೂಟ್ ಫೋಲ್ಡರ್‌ನಲ್ಲೇ ಇತ್ತು, ಈಗ ಅದರೊಳಗಿನ ಫರ್ಮ್‌ವೇರ್ ಫೋಲ್ಡರ್‌ಗೆ ಹೋಗಿದೆ. ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಡಿಎಚ್‌ಸಿಪಿಸಿಡಿ ಎಂಬ ಪ್ರೋಗ್ರಾಂ ಜಾಗಕ್ಕೆ ನೆಟ್‌ವರ್ಕ್ ಮ್ಯಾನೇಜರ್ ಬಂದಿದೆ.

ಹಳೆಯ ಜಾಗದಲ್ಲಿ ಅದೇ ಹೆಸರಿನ ಫೈಲ್ ಈಗಲೂ ಕಾಣುತ್ತದೆ. ತೆರೆದರೆ "ಇದನ್ನು ಮುಟ್ಟಬೇಡಿ, ನೀವು ಹುಡುಕುತ್ತಿರುವುದು ಬೇರೆ ಕಡೆ ಇದೆ" ಎಂಬ ಅರ್ಥದ ಸೂಚನೆ ಇರುತ್ತದೆ. ಅದನ್ನು ಓದುವವರು ಎಷ್ಟು ಜನ ಹೇಳಿ. ಹುಡುಗ ಕೆಳಗೆ ತನ್ನ ಸಾಲು ಸೇರಿಸಿ ಸೇವ್ ಮಾಡಿದ್ದ. ಸ್ಥಿರ ಐಪಿ (ಬದಲಾಗದ ನೆಟ್‌ವರ್ಕ್ ವಿಳಾಸ) ಕೊಡಲು ಹಳೆಯ ಡಿಎಚ್‌ಸಿಪಿಸಿಡಿ ಫೈಲನ್ನೇ ಹೊಸದಾಗಿ ಸೃಷ್ಟಿಸಿ ತುಂಬಿದ್ದ. ಎರಡೂ ಕಡೆ ಎರರ್ ಬರಲಿಲ್ಲ. ಯಾರೂ ಓದದ ಫೈಲಿಗೆ ಎರರ್ ಹೇಳುವವರು ಯಾರು?

ಅವನೇ ಇದನ್ನು ಪತ್ತೆ ಹಚ್ಚಿ ಸರಿಮಾಡಿದ. ಸೆನ್ಸರ್ ಎದ್ದಿತು, ಗಡಿಯಾರ ಎದ್ದಿತು, ನೆಟ್‌ವರ್ಕ್ ಸೆಟ್ಟಿಂಗನ್ನು ಎನ್‌ಎಂಟಿಯುಐ ಎಂಬ ಪರದೆಯಲ್ಲಿ ಹೊಸದಾಗಿ ತುಂಬಿದ. ಉಳಿದಿದ್ದು ಮೀಟರ್.

ಮೀಟರ್ ಮಾತಾಡಲಿಲ್ಲ

ಎನರ್ಜಿ ಮೀಟರ್ ಮಾಡ್‌ಬಸ್ ಆರ್‌ಟಿಯು ಭಾಷೆಯಲ್ಲಿ ಮಾತಾಡುತ್ತದೆ. ಪೈ ಎಂಟು ಬೈಟ್‌ನ ಒಂದು ಪ್ರಶ್ನೆ ಕಳಿಸಬೇಕು, ಮೀಟರ್ ಉತ್ತರ ಕೊಡಬೇಕು. ಇಲ್ಲಿ ಪ್ರಶ್ನೆ ಹೋಗುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಪ್ರತಿ ಸಲವೂ ಟೈಮ್‌ಔಟ್.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ವೈರ್ ಕಡೆ ಹೋಗುತ್ತಾರೆ. ಹುಡುಗನೂ ಹೋದ. ಎ ಮತ್ತು ಬಿ ವೈರ್ ಅದಲು ಬದಲು ಮಾಡಿದ. ವೈರಿನ ತುದಿಗೆ 120 ಓಮ್ ರೆಸಿಸ್ಟರ್ ಹಾಕಿದ, ತೆಗೆದ. ಕೇಬಲ್ ಗಿಡ್ಡ ಮಾಡಿದ. ಮಾಡ್ಯೂಲ್ ಕೆಟ್ಟಿರಬಹುದೆಂದು ಇನ್ನೊಂದು ತರಿಸಿದ. ಕಂಪ್ರೆಸರ್ ಪಕ್ಕದಲ್ಲೇ ಇದೆಯಲ್ಲ, ಅದರ ವಿದ್ಯುತ್ ಗಲಾಟೆ ಸಿಗ್ನಲ್ ಕೆಡಿಸುತ್ತಿದೆ ಎಂದು ಅದು ಆಫ್ ಆದಾಗಲೂ ನೋಡಿದ. ಸೀರಿಯಲ್ ಲೈನಿನಲ್ಲಿ ಲಾಗಿನ್ ಕನ್ಸೋಲ್ (ಆ ಲೈನಿನಿಂದ ಪೈಗೆ ಲಾಗಿನ್ ಆಗಲು ಬಿಡುವ ವ್ಯವಸ್ಥೆ) ಕೂತಿದೆಯಾ ಎಂದೂ ನೋಡಿದ. ಅದು ನಿಜವಾಗಿಯೂ ಕೂತಿತ್ತು. ಬಿಟ್ಟಿದ್ದರೆ ಬೂಟ್ ಆಗುವಾಗಿನ ಸಾಲುಗಳೆಲ್ಲ ಮೀಟರ್ ಕಡೆಗೆ ಹರಿಯುತ್ತಿದ್ದವು. ರಾಸ್ಪಿ ಕಾನ್ಫಿಗ್‌ನಲ್ಲಿ ಲಾಗಿನ್ ಬೇಡ, ಸೀರಿಯಲ್ ಹಾರ್ಡ್‌ವೇರ್ ಬೇಕು ಎಂದು ಹಾಕಿ ಅದನ್ನೂ ತೆಗೆದ. ಆದರೂ ಟೈಮ್‌ಔಟ್.

ವಿಚಿತ್ರ ಎಂದರೆ ಅದೇ ಮೀಟರನ್ನು ಯುಎಸ್‌ಬಿ ಕನ್ವರ್ಟರ್ ಹಾಕಿ ಲ್ಯಾಪ್‌ಟಾಪ್‌ನಿಂದ ಓದಿದರೆ ಸಲೀಸಾಗಿ ಓದುತ್ತಿತ್ತು. ಅದೇ ವೈರ್, ಅದೇ ಪ್ರೋಗ್ರಾಂ, ಅದೇ ಸೆಟ್ಟಿಂಗ್. ಫೋನ್‌ನಲ್ಲಿ ನನಗೆ ಇದನ್ನು ಹೇಳಿದಾಗ ನಾನು ಕೇಳಿದ್ದು ಒಂದೇ, ಮೀಟರ್‌ನ ಪ್ಯಾರಿಟಿ ಯಾವುದು? ಅಕ್ಷರ ತಪ್ಪಿಲ್ಲದೆ ಬಂತೇ ಎಂದು ನೋಡಲು ಸೇರಿಸುವ ಒಂದು ಬಿಟ್ ಅದು. ಈವನ್, ಅಂದರೆ ಸಮ, ಎಂದ. ಈವನ್ ಮಾಡ್‌ಬಸ್‌ನ ಡೀಫಾಲ್ಟ್, ಅದರಲ್ಲಿ ಆಶ್ಚರ್ಯ ಇಲ್ಲ. ಮೀಟರ್ ಮುಂದಿನ ಬಟನ್ ಒತ್ತಿ ಪ್ಯಾರಿಟಿಯನ್ನು 'ನನ್' (none, ಅಂದರೆ ಬೇಡ) ಮಾಡು, ಪ್ರೋಗ್ರಾಂನಲ್ಲೂ ಅದನ್ನೇ ಹಾಕು ಎಂದೆ. ಫೋನ್ ಇಡುವ ಮೊದಲೇ ವೋಲ್ಟೇಜ್ ಓದಿ ಹೇಳಿದ.

ಪ್ರಕರಣದ ಮೊದಲ ತಿರುವು ಇದು. ಮೀಟರ್ ಕೆಲಸ ಶುರುಮಾಡಿತು ಎನ್ನುವುದಕ್ಕಿಂತ, ವೈರ್, ಮಾಡ್ಯೂಲ್, ಗಲಾಟೆ ಎಲ್ಲದರ ಮೇಲಿನ ಅನುಮಾನ ಒಂದೇ ಏಟಿಗೆ ಕಳೆಯಿತು ಎನ್ನುವುದು ಮುಖ್ಯ. ಉಳಿದಿದ್ದು ಒಂದೇ ಜಾಗ, ಪೈ ಒಳಗಿನ ಯುಆರ್ಟ್, ಅಂದರೆ ಸೀರಿಯಲ್ ಡೇಟಾ ಕಳಿಸಿ ಪಡೆಯುವ ಭಾಗ.

ಪೈ 3ರಲ್ಲಿ ಎರಡು ಯುಆರ್ಟ್ ಇವೆ. ಒಂದು ಪಿಎಲ್011, ಪೂರ್ಣ ಪ್ರಮಾಣದ್ದು. ಇನ್ನೊಂದು ಮಿನಿ ಯುಆರ್ಟ್. 2016ರ ಪೈ 3ರಿಂದ ಬೋರ್ಡಿನಲ್ಲೇ ಬ್ಲೂಟೂತ್ ಬಂದಾಗ ಒಳ್ಳೆಯ ಯುಆರ್ಟನ್ನು ಬ್ಲೂಟೂತ್‌ಗೆ ಕೊಟ್ಟು, 8 ಮತ್ತು 10ನೇ ಪಿನ್‌ಗೆ ಮಿನಿಯನ್ನು ಬಿಟ್ಟರು. ಈ ಮಿನಿಗೆ ಎರಡು ಕೊರತೆ. ಅದರ ವೇಗ ಚಿಪ್ಪಿನ ಕೋರ್ ಗಡಿಯಾರದ ಮೇಲೆ ನಿಂತಿದೆ. ಯುಆರ್ಟ್ ಆನ್ ಮಾಡುವ ಸಾಲನ್ನು ಕಾನ್ಫಿಗ್‌ನಲ್ಲಿ ಹಾಕಿದಾಗ ಆ ಗಡಿಯಾರವನ್ನು ಒಂದೇ ವೇಗಕ್ಕೆ ಕಟ್ಟಿಹಾಕುವುದು ಇದೇ ಕಾರಣಕ್ಕೆ. ಎರಡನೆಯದು, ಅದಕ್ಕೆ ಪ್ಯಾರಿಟಿಯೇ ಇಲ್ಲ.

ಪ್ಯಾರಿಟಿ ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಈವನ್ ಪ್ಯಾರಿಟಿಯಲ್ಲಿ ಒಂದು ಅಕ್ಷರಕ್ಕೆ 11 ಬಿಟ್: ಶುರುವಿಗೆ ಒಂದು, ಡೇಟಾ ಎಂಟು, ಪ್ಯಾರಿಟಿ ಒಂದು, ಕೊನೆಗೆ ಒಂದು. ಮಿನಿ ಯುಆರ್ಟ್ ಕಳಿಸುವುದು 10 ಬಿಟ್. ಮೀಟರ್ ಪ್ಯಾರಿಟಿ ಬಿಟ್ ಇರಬೇಕಾದ ಜಾಗದಲ್ಲಿ ಸ್ಟಾಪ್ ಬಿಟ್ಟನ್ನು ಓದುತ್ತದೆ, ಸ್ಟಾಪ್ ಬಿಟ್ ಇರಬೇಕಾದ ಜಾಗದಲ್ಲಿ ಮುಂದಿನ ಅಕ್ಷರದ ಶುರುವನ್ನು ಓದುತ್ತದೆ. ಪ್ರಶ್ನೆ ಕೆಟ್ಟಿದೆ ಎಂದು ತಿಳಿದು ಸುಮ್ಮನಿದ್ದುಬಿಡುತ್ತದೆ. ಕೆಟ್ಟ ಪ್ರಶ್ನೆಗೆ ಉತ್ತರಿಸಬಾರದು ಎನ್ನುವುದು ಮಾಡ್‌ಬಸ್‌ನ ನಿಯಮವೇ. ಇತ್ತ ಪ್ರೋಗ್ರಾಂ ಈವನ್ ಬೇಕು ಎಂದು ಕೇಳಿದಾಗ ಆಗುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಹಾಗಾಗಿ ಎರಡೂ ಕಡೆ ಮೌನ, ನಡುವೆ ಹುಡುಗ ವೈರ್ ಬದಲಿಸುತ್ತಾ ಕೂತಿದ್ದ.

ಈಗ ಮೂರು ದಾರಿ ಇದ್ದವು. ಮೀಟರನ್ನು ಪ್ಯಾರಿಟಿ ಇಲ್ಲದೆಯೇ ಬಿಡುವುದು. ಯುಎಸ್‌ಬಿ ಕನ್ವರ್ಟರ್ ಹಾಕುವುದು. ಇಲ್ಲವೇ ಬ್ಲೂಟೂತ್ ಆಫ್ ಮಾಡಿ ಪಿಎಲ್011 ಅನ್ನು ಪಿನ್‌ಗೆ ವಾಪಸ್ ತರುವುದು. ಹುಡುಗನಿಗೆ ಮೊದಲನೆಯದೇ ಇಷ್ಟ. ಕೆಲಸ ಮಾಡುತ್ತಿದೆ, ಮತ್ತೆ ಯಾಕೆ ಮುಟ್ಟೋದು, ಅಲ್ವಾ? ನಾನು ಒಪ್ಪಲಿಲ್ಲ. ನಾಳೆ ಮೀಟರ್ ಕೆಟ್ಟು ಹೊಸದು ಹಾಕುವವನು ಎಲೆಕ್ಟ್ರಿಷಿಯನ್. ಹೊಸ ಮೀಟರ್ ಈವನ್‌ನಲ್ಲೇ ಬರಬಹುದು. ಅವತ್ತು ಹುಡುಗ ಊರಲ್ಲಿ ಇರುವುದಿಲ್ಲ. ಸೊಸೈಟಿಗೆ ಬ್ಲೂಟೂತ್‌ನಿಂದ ಆಗಬೇಕಾದ್ದು ಏನೂ ಇಲ್ಲ. ಹಾಗಾಗಿ ಮೂರನೆಯದನ್ನು ಆರಿಸಿದೆವು. ಕಾನ್ಫಿಗ್ ಫೈಲಿನಲ್ಲಿ ಬ್ಲೂಟೂತ್ ಆಫ್ ಮಾಡುವ ಓವರ್‌ಲೇ (ಹಾರ್ಡ್‌ವೇರ್ ಜೋಡಣೆ ಬದಲಿಸುವ ಸೂಚನೆ) ಸಾಲು, ಬ್ಲೂಟೂತನ್ನು ಯುಆರ್ಟ್‌ಗೆ ಜೋಡಿಸುವ ಎಚ್‌ಸಿಐ ಯುಆರ್ಟ್ ಸರ್ವಿಸ್ ನಿಲ್ಲಿಸುವುದು, ಒಂದು ರೀಬೂಟ್. ಸೀರಿಯಲ್0 ಎಂಬ ಅಡ್ಡಹೆಸರು ಮೊದಲು ಟಿಟಿವೈ ಎಸ್0 (ಮಿನಿ) ಕಡೆ ತೋರಿಸುತ್ತಿತ್ತು, ಈಗ ಟಿಟಿವೈ ಎಎಂಎ0 (ಪಿಎಲ್011) ಕಡೆ ತಿರುಗಿತು. ಮೀಟರನ್ನು ಮತ್ತೆ ಈವನ್‌ಗೆ ಹಾಕಿದೆವು. ಓದಿತು.

85 ಡಿಗ್ರಿ ಹಾಲು

ನಡುವೆ ಒಂದು ತಮಾಷೆ. ಸೆನ್ಸರನ್ನು ಹಾಲಿಗೇ ಇಳಿಸುವ ಮಾತೇ ಇಲ್ಲ. ಥರ್ಮಾಮೀಟರ್ ಇಡಲೆಂದೇ ಟ್ಯಾಂಕಿಗೆ ಕೊಟ್ಟಿದ್ದ ಕೊಳವೆಯಲ್ಲಿ ಅದನ್ನು ಕೂರಿಸಿದ್ದರು. ಒಂದು ಸಂಜೆ ಉಷ್ಣತೆ 85 ಡಿಗ್ರಿ ಎಂದು ಬರೆದುಕೊಂಡಿತು. ಸೆಕ್ರೆಟರಿ ಕಂಪ್ಯೂಟರ್ ಮುಂದೆ ಕೂತು ಪಟ್ಟಿ ನೋಡಿ, "ಏನಪ್ಪಾ, ಹಾಲು ತಣ್ಣಗೆ ಮಾಡ್ತಾ ಇದೀವೋ, ಕಾಯಿಸ್ತಾ ಇದೀವೋ?" ಎಂದರಂತೆ.

ಡಿಎಸ್18ಬಿ20ಗೆ ಕರೆಂಟ್ ಸಿಕ್ಕ ಕೂಡಲೇ ಅದರ ಒಳಗೆ ಇರುವ ಅಂಕಿಯೇ 85. ಪೂರ್ಣ ನಿಖರತೆಯಲ್ಲಿ ಒಂದು ಸಲ ಅಳೆಯಲು ಅದಕ್ಕೆ 750 ಮಿಲಿಸೆಕೆಂಡ್‌ವರೆಗೆ ಬೇಕು. ಅಷ್ಟರಲ್ಲಿ ಕರೆಂಟ್ ತಗ್ಗಿ ಅದು ರೀಸೆಟ್ ಆದರೆ ಅಳತೆಯ ಬದಲು ಈ 85 ಹೊರಗೆ ಬರುತ್ತದೆ. ಇಲ್ಲಿ ಕಂಪ್ರೆಸರ್ ಸ್ಟಾರ್ಟ್ ಆಗುವ ಕ್ಷಣಕ್ಕೇ ಬರುತ್ತಿತ್ತು. ಪೈಗೆ ಹಾಕಿದ್ದು ಹಳೆಯ ಮೊಬೈಲ್ ಚಾರ್ಜರ್. ಥ್ರಾಟಲ್ ಸ್ಥಿತಿ ಕೇಳುವ ಕಮಾಂಡ್ ಕೊಟ್ಟರೆ ವೋಲ್ಟೇಜ್ ಕಡಿಮೆ ಇದೆ, ಹಿಂದೆಯೂ ಆಗಿತ್ತು ಎಂದು ಎರಡೂ ತೋರಿಸಿತು. ಪೈ ಇದನ್ನು ಗುರುತಿಸುವುದು 5 ವೋಲ್ಟ್ ಲೈನ್ ಸುಮಾರು 4.63ಕ್ಕಿಂತ ಕೆಳಗೆ ಇಳಿದಾಗ. 5.1 ವೋಲ್ಟ್, 2.5 ಆಂಪ್‌ನ ಸರಿಯಾದ ಅಡಾಪ್ಟರ್ ಹಾಕಿದ ಮೇಲೆ 85 ಮತ್ತೆ ಕಾಣಲಿಲ್ಲ. ಪ್ರೋಗ್ರಾಂನಲ್ಲಿ 85 ಬಂದರೆ ಬಿಟ್ಟುಬಿಡು ಎಂದು ಒಂದು ಸಾಲು ಬರೆದರೆ ಮುಗಿಯುತ್ತಿತ್ತು. ಆದರೆ ಹಾಗೆ ಮಾಡಿದ್ದರೆ ಅಡಾಪ್ಟರ್ ಕಥೆ ಗೊತ್ತೇ ಆಗುತ್ತಿರಲಿಲ್ಲ.

ಗಡಿಯಾರದ ವಿಷಯ ಬೇಗ ಮುಗಿಯಿತು. ಪೈ 3ಕ್ಕೆ ಸ್ವಂತ ಗಡಿಯಾರ ಇಲ್ಲ, ಇಂಟರ್‌ನೆಟ್‌ನಿಂದ ಸಮಯ ತಿಳಿಯುತ್ತದೆ. ಕರೆಂಟ್ ಹೋಗಿ ಬಂದು, ಟವರ್ ಇನ್ನೂ ಎದ್ದಿಲ್ಲದಿದ್ದರೆ ಹಳೆಯ ಸಮಯದಲ್ಲೇ ಬರೆಯುತ್ತಾ ಹೋಗುತ್ತದೆ. ಯಾವಾಗ ಕರೆಂಟ್ ಹೋಯಿತು ಎನ್ನುವುದೇ ಇಲ್ಲಿನ ಮುಖ್ಯ ಪ್ರಶ್ನೆ ಆಗಿದ್ದರಿಂದ ಡಿಎಸ್3231 ಬೇಕೇ ಬೇಕಿತ್ತು. ಐ2ಸಿ ಹುಡುಕುವ ಕಮಾಂಡ್‌ನಲ್ಲಿ 68 ಎಂಬ ವಿಳಾಸ ಕಂಡಿತು, ಓವರ್‌ಲೇ ಹಾಕಿದ ಮೇಲೆ ಅದೇ ಜಾಗದಲ್ಲಿ ಯುಯು ಎಂದು ಬಂತು. ಗಡಿಯಾರ ಕಾಣೆಯಾಯಿತು ಎಂದು ಹುಡುಗ ಗಾಬರಿಯಾಗಿದ್ದ. ಯುಯು ಬಂದರೆ ಕರ್ನಲ್ (ಓಎಸ್‌ನ ತಿರುಳು) ಅದನ್ನು ವಶಕ್ಕೆ ತೆಗೆದುಕೊಂಡಿದೆ ಎಂದರ್ಥ, ಒಳ್ಳೆಯ ಸುದ್ದಿ. ಮಾಡ್ಯೂಲ್‌ಗೆ ಮಾತ್ರ 3.3 ವೋಲ್ಟ್ ಕೊಡಿ. 5 ಕೊಟ್ಟರೆ ಅದರ ಮೇಲಿನ ಪುಲ್‌ಅಪ್ ರೆಸಿಸ್ಟರ್‌ಗಳು ಪೈ ಪಿನ್‌ಗಳನ್ನೂ 5ಕ್ಕೆ ಎಳೆಯುತ್ತವೆ.

ಹಾಲು ಹಾಕುವ ಹೊತ್ತಿಗೇ ಮೌನ

ನಿಜವಾದ ತಲೆನೋವು ನೆಟ್‌ವರ್ಕ್. ಎಲ್ಲ ಸೆನ್ಸರ್ ಸರಿಯಾದ ಮೇಲೆ ಹುಡುಗ ಮಧ್ಯಾಹ್ನ ಕೂತು ಪರೀಕ್ಷೆ ಮಾಡುತ್ತಿದ್ದ. ಟೆಲಿಗ್ರಾಂ ಮೆಸೇಜ್ ಸರಾಗವಾಗಿ ಹೋಗುತ್ತಿತ್ತು. ಮನೆಗೆ ಹೋಗುತ್ತಿದ್ದ. ಸಂಜೆ ಒಂದೂ ಬರುತ್ತಿರಲಿಲ್ಲ. ರಾತ್ರಿ ಎಲ್ಲ ಒಟ್ಟಿಗೆ ಬಂದು ಬೀಳುತ್ತಿದ್ದವು.

ಊಹೆಗಳಿಗೆ ಬರ ಇರಲಿಲ್ಲ. ಸಂಜೆ ಹಾಲು ಹಾಕಲು ಜನ ಸೇರುತ್ತಾರೆ, ಎಲ್ಲರ ಕೈಯಲ್ಲೂ ಮೊಬೈಲ್, ಟವರ್ ಮೇಲೆ ಒತ್ತಡ ಬೀಳುತ್ತದೆ ಎನ್ನುವುದು ಒಂದು. ಸ್ಟೀಲ್ ಟ್ಯಾಂಕ್ ಮತ್ತು ಶೀಟ್ ಮಾಡು ವೈಫೈಯನ್ನು ತಡೆಯುತ್ತಿದೆ ಎನ್ನುವುದು ಇನ್ನೊಂದು. ರೂಟರನ್ನು ಕಿಟಕಿಗೆ ತಂದರು. ವೈಫೈ ಪವರ್ ಸೇವ್ ಆಫ್ ಮಾಡಿದರು. ಹೊರಗೆ ಆಂಟೆನಾ ಹಾಕುವ ಮಾತೂ ಬಂತು, ಅದಕ್ಕೆ ದುಡ್ಡು ಕೇಳುವ ಮಟ್ಟಕ್ಕೆ ಹೋಗಿತ್ತು.

ಗಂಟು ಬಿಚ್ಚಿದ್ದು ಸೆಕ್ರೆಟರಿ. ಅವರು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಮೆಸೇಜ್ ಯಾವಾಗ ಬಂತು ಎಂದು ಬರೆದಿಡುತ್ತಿದ್ದರು. ಯಾರೂ ಹೇಳಿರಲಿಲ್ಲ, ಬರೆದಿಡುವುದು ಅವರ ಅಭ್ಯಾಸ. ಒಂದು ದಿನ ಹುಡುಗನಿಗೆ ಹೇಳಿದರು, "ನಾನು ಕಂಪ್ಯೂಟರ್ ಆಫ್ ಮಾಡಿ, ಮೇನ್ ಸ್ವಿಚ್ ತೆಗೆದು, ಬೀಗ ಹಾಕ್ಕೊಂಡು ಗೇಟ್ ಹತ್ತಿರ ಬರೋ ಹೊತ್ತಿಗೆ ಟಣ್ ಟಣ್ ಅಂತ ಬರ್ತವೆ ಕಣಪ್ಪ. ಬೆಳಿಗ್ಗೆನೂ ಅಷ್ಟೇ."

"ಅಣ್ಣಾ, ಕಂಪ್ಯೂಟರ್‌ಗೂ ಮೆಸೇಜ್‌ಗೂ ಸಂಬಂಧನೇ ಇಲ್ಲ" ಎಂದನಂತೆ ಹುಡುಗ. ಆದರೆ ಅನುಮಾನ ಹೊಕ್ಕಿತು. ಸಂಜೆ ಹೋಗಿ ಲ್ಯಾನ್ ಕೇಬಲ್ ಎಳೆದು ನೋಡಿದ. ಕೆಲವೇ ಸೆಕೆಂಡಿನಲ್ಲಿ ಮೆಸೇಜ್ ಹೊರಟವು. ಚುಚ್ಚಿದ, ನಿಂತವು.

ಆಗ ಐಪಿ ರೂಟ್ ಕಮಾಂಡ್ ತೋರಿಸಿದ ನೆಟ್‌ವರ್ಕ್ ದಾರಿಗಳ ಪಟ್ಟಿಯ ಫೋಟೊ ತೆಗೆದು ನನಗೆ ಕಳಿಸಿದ. ಅದನ್ನು ನೋಡಿದರೆ ಒಂದಲ್ಲ, ಎರಡು ಕಾರಣ. ಲೆಕ್ಕದ ಕಂಪ್ಯೂಟರ್ 192.168.1.10ರಲ್ಲಿತ್ತು. 4ಜಿ ರೂಟರ್ ಕೂಡ ಅದೇ 192.168.1 ಸಾಲಿನದು, ಅದರ ವಿಳಾಸ 192.168.1.1. ಕೇಬಲ್, ವೈಫೈ ಎರಡರಲ್ಲೂ ಒಂದೇ ವಿಳಾಸದ ಸಾಲು ಇದ್ದಾಗ ಪೈ ಯಾವುದನ್ನು ಆರಿಸಬೇಕು? ನೆಟ್‌ವರ್ಕ್ ಮ್ಯಾನೇಜರ್ ಕೇಬಲ್‌ಗೆ 100, ವೈಫೈಗೆ 600 ಎಂಬ ಮೆಟ್ರಿಕ್ ಕೊಡುತ್ತದೆ, ಕಡಿಮೆ ಅಂಕಿ ಗೆಲ್ಲುತ್ತದೆ. ಹಾಗಾಗಿ ರೂಟರನ್ನು ಕೇಬಲ್‌ನಲ್ಲಿ ಹುಡುಕುತ್ತಿತ್ತು, ಅಲ್ಲಿ ಇದ್ದುದು ಲೆಕ್ಕದ ಕಂಪ್ಯೂಟರ್ ಒಂದೇ.

ರೂಟರ್‌ನ ಸಾಲನ್ನು 192.168.50ಕ್ಕೆ ಬದಲಿಸಲು ಹೇಳಿದೆ. ಬದಲಿಸಿದ. ಸಂಜೆ ಮತ್ತೆ ಅದೇ ಮೌನ.

ಎರಡನೇ ತಿರುವು ಇಲ್ಲಿ, ಮತ್ತು ದಾರಿ ತಪ್ಪುವುದು ಸುಲಭವಾಗಿದ್ದೂ ಇಲ್ಲೇ. ಒಂದು ಕಾರಣ ತೆಗೆದರೂ ಲಕ್ಷಣ ಕೂದಲಷ್ಟೂ ಬದಲಾಗಲಿಲ್ಲ. ಹುಡುಗ ಇದಲ್ಲ ಕಾರಣ ಎಂದುಕೊಂಡು ರೂಟರನ್ನು ಹಳೆಯ ಸಾಲಿಗೆ ವಾಪಸ್ ತರಲು ಹೊರಟಿದ್ದ. ಬೇಡ, ಹಾಗೇ ಇರಲಿ, ರೂಟ್ ಪಟ್ಟಿಯ ಮೊದಲ ಸಾಲು ಓದು ಎಂದೆ. ಡೀಫಾಲ್ಟ್, 192.168.1.10 ಮೂಲಕ, ಕೇಬಲ್, ಮೆಟ್ರಿಕ್ 100. ಇಂಟರ್‌ನೆಟ್‌ಗೆ ಹೋಗುವ ಹೆದ್ದಾರಿ ಲೆಕ್ಕದ ಕಂಪ್ಯೂಟರ್ ಕಡೆಗೆ ತೋರಿಸುತ್ತಿತ್ತು. ಎನ್‌ಎಂಟಿಯುಐ ಪರದೆಯಲ್ಲಿ ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ಹೋಗುವ ಬಾಗಿಲು) ಎಂಬ ಖಾನೆ ಇದೆ. ಖಾಲಿ ಬಿಟ್ಟರೆ ಅರ್ಜಿ ಅರ್ಧ ತುಂಬಿದ ಹಾಗೆ ಕಾಣುತ್ತದೆ. ಅಲ್ಲಿ ಕಂಪ್ಯೂಟರ್ ವಿಳಾಸ ತುಂಬಿತ್ತು.

ಕಂಪ್ಯೂಟರ್ ಆನ್ ಇದ್ದರೆ ಕೇಬಲ್ ಜೀವಂತ, ಡೀಫಾಲ್ಟ್ ದಾರಿ ಅತ್ತ, ಮೆಸೇಜ್ ಅಲ್ಲೇ ಹೋಗಿ ಸಾಯುತ್ತದೆ. ಮೇನ್ ಸ್ವಿಚ್ ತೆಗೆದರೆ ಲಿಂಕ್ ಹೋಗುತ್ತದೆ, ನೆಟ್‌ವರ್ಕ್ ಮ್ಯಾನೇಜರ್ ಆ ದಾರಿಯನ್ನು ಕಿತ್ತುಹಾಕುತ್ತದೆ, ವೈಫೈ ದಾರಿ ಮುಂದೆ ಬರುತ್ತದೆ. ಮಧ್ಯಾಹ್ನ ಪರೀಕ್ಷೆ ಮಾಡುವಾಗ ಕಂಪ್ಯೂಟರ್ ಆಫ್ ಇರುತ್ತಿತ್ತು. ಸೆಕ್ರೆಟರಿ ಪುಸ್ತಕದ ಒಂದೊಂದು ಸಾಲೂ ಇದಕ್ಕೆ ಹೊಂದಿಕೊಂಡಿತು.

ಗೇಟ್‌ವೇ ಮತ್ತು ಡಿಎನ್‌ಎಸ್ ಖಾನೆ ಖಾಲಿ ಮಾಡಿ, ಈ ನೆಟ್‌ವರ್ಕನ್ನು ಡೀಫಾಲ್ಟ್ ದಾರಿಗೆ ಎಂದೂ ಬಳಸಬೇಡ ಎಂಬ ಅರ್ಥದ ಚೌಕಕ್ಕೆ ಗುರುತು ಹಾಕಿದ. ಆ ಚೌಕ ಅದೇ ಪರದೆಯಲ್ಲಿ ಕೆಳಗೆ ಇರುತ್ತದೆ. ಗೇಟ್‌ವೇ ಖಾಲಿ ಬಿಟ್ಟರೆ ಸಾಕಿತ್ತು. ಆದರೆ ಮುಂದೆ ಯಾರೋ ಬಂದು ಖಾಲಿ ಖಾನೆ ಕಂಡು ತುಂಬಿದರೂ ಕೆಡದಿರಲಿ ಎಂದು ಎರಡೂ ಮಾಡಿದ್ದು.

ದೂರದಿಂದ ಬೋರ್ಡ್ ನೋಡುವ ವ್ಯವಸ್ಥೆ ಕೊನೆಗೆ ಸೇರಿಸಿದೆವು. ಮೊಬೈಲ್ ಸಿಮ್‌ಗೆ ಹೊರಗಿನಿಂದ ನೇರವಾಗಿ ತಲುಪುವ ವಿಳಾಸ ಸಾಮಾನ್ಯವಾಗಿ ಸಿಗುವುದಿಲ್ಲ, ರೂಟರ್‌ನಲ್ಲಿ ಪೋರ್ಟ್ ತೆರೆದು ಪ್ರಯೋಜನ ಇಲ್ಲ. ಪೈ ಒಳಗಿನಿಂದಲೇ ಹೊರಗಿನ ಒಂದು ಸರ್ವರ್‌ಗೆ ವೈರ್‌ಗಾರ್ಡ್ ಎಂಬ ಗುಪ್ತ ಸಂಪರ್ಕದ ಸುರಂಗ ತೆರೆದಿಟ್ಟುಕೊಂಡಿರುತ್ತದೆ, 25 ಸೆಕೆಂಡಿಗೊಮ್ಮೆ ಸುಳಿವು ಕೊಟ್ಟು ದಾರಿ ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ.

ಆಮೇಲೆ

ಬೋರ್ಡ್ ಈಗ ಕೆಲಸ ಮಾಡುತ್ತಿದೆ. ರಾತ್ರಿ ಕರೆಂಟ್ ಹೋದಾಗ ರೂಟರ್ ಮತ್ತು ಪೈ ಸಣ್ಣ ಯುಪಿಎಸ್ ಮೇಲೆ ಉಳಿಯುತ್ತವೆ, ಸೆಕ್ರೆಟರಿಗೆ ಮೆಸೇಜ್ ಹೋಗುತ್ತದೆ, ಪಕ್ಕದ ಮನೆಯವರು ಬಂದು ಜನರೇಟರ್ ಹಚ್ಚುತ್ತಾರೆ. ಎಣಿಸದ ಲಾಭ ಇನ್ನೊಂದು ಸಿಕ್ಕಿತು. ಮೀಟರ್ ಮತ್ತು ಉಷ್ಣತೆ ಒಂದೇ ಪಟ್ಟಿಯಲ್ಲಿ ಬಂದಿದ್ದರಿಂದ, ಅಷ್ಟೇ ಹಾಲು ತಣಿಸಲು ಕಂಪ್ರೆಸರ್ ಬರಬರುತ್ತಾ ಜಾಸ್ತಿ ಹೊತ್ತು ಓಡುತ್ತಿರುವುದು ಕಣ್ಣಿಗೆ ಬಿತ್ತು. ಮೆಕ್ಯಾನಿಕ್ ಬಂದು ನೋಡಿದರೆ ಕಂಡೆನ್ಸರ್ ತುಂಬ ದೂಳು, ಹೊಟ್ಟು. ತೊಳೆದ ಮೇಲೆ ಓಡುವ ಹೊತ್ತು ಇಳಿಯಿತು.

ಇನ್ನೊಂದು ಸೊಸೈಟಿಗೂ ಇದನ್ನೇ ಮಾಡಿಕೊಡಲು ಹುಡುಗನಿಗೆ ಕರೆ ಬಂದಿದೆ. ಈ ಸಲ ಅವನು ಕ್ರಮ ಬದಲಿಸಿದ್ದಾನೆ. ಓಎಸ್ ಯಾವ ಆವೃತ್ತಿ ಎಂದು ಮೊದಲು ನೋಡಿ, ಅದಕ್ಕೆ ಹೊಂದುವ ಬರಹ ಮಾತ್ರ ಓದುತ್ತಾನೆ. ಒಂದು ಸಾಧನ ಜೋಡಿಸಿ, ರೀಬೂಟ್ ಮಾಡಿ, ಅದು ಎದ್ದ ಮೇಲೆಯೇ ಮುಂದಿನದು. ಪರೀಕ್ಷೆ ಮಾಡುವುದು ಜನ ಇರುವ ಹೊತ್ತಿನಲ್ಲಿ, ಎಲ್ಲ ಯಂತ್ರ ಆನ್ ಇದ್ದಾಗ. ಅಡಾಪ್ಟರ್ ಹೊಸದು. ಹೊಸ ಬೋರ್ಡ್ ಪೈ 4. ಅದರಲ್ಲೂ 8 ಮತ್ತು 10ನೇ ಪಿನ್‌ಗೆ ಬರುವುದು ಮಿನಿ ಯುಆರ್ಟೇ. ಆದರೆ ಓವರ್‌ಲೇ ಹಾಕಿದರೆ ಬೇರೆ ಪಿನ್‌ಗಳಲ್ಲಿ ಇನ್ನೂ ನಾಲ್ಕು ಪಿಎಲ್011 ಸಿಗುತ್ತವೆ, ಬ್ಲೂಟೂತ್ ಮುಟ್ಟುವ ಅಗತ್ಯ ಇಲ್ಲ. ಒಂದು ಪ್ರಶ್ನೆ ಮಾತ್ರ ನಮ್ಮಿಬ್ಬರ ನಡುವೆ ಇನ್ನೂ ತೀರ್ಮಾನ ಆಗಿಲ್ಲ. ಪದೇ ಪದೇ ಕರೆಂಟ್ ಹೋಗುವ ಜಾಗದಲ್ಲಿ ಎಸ್‌ಡಿ ಕಾರ್ಡನ್ನು ನಂಬಬಾರದು, ಯುಎಸ್‌ಬಿ ಎಸ್‌ಎಸ್‌ಡಿ ಹಾಕಬೇಕು ಎಂದು ನಾನು. ಅಷ್ಟು ದುಡ್ಡಿಗೆ ಎರಡು ಕಾರ್ಡ್ ತಂದು ಒಂದನ್ನು ಕಾಪಿ ಮಾಡಿ ಸೆಕ್ರೆಟರಿಯ ಬೀರುವಿನಲ್ಲಿಟ್ಟರೆ ಸಾಕು ಎಂದು ಅವನು.